ಬಡದು ನೋಡಿ ತಂದದ್ದು

ಉದ್ಯಮಬಾಗದ ಫೌಂಡ್ರಿಯೊಳಗ ನನ್ನ ಕೆಲಸ ಇಷ್ಟ:
ಆರಿದ ಎರಕ ಸರಪಳಿಗೆ ತೂಗಹಾಕಿ
ಸಣ್ಣ ಸುತ್ತಿಗಿಲೆ ಬಡಿಯೂದು, ಕೇಳೂದು.
ಠಣ್ ಅಂದ್ರ ಲಾರಿಗೆ.
ಠಪ್ ಅಂದ್ರ ತಿರುಗಿ ಭಟ್ಟಿಗೆ.
ಇಪ್ಪತ್ತೆರಡು ವರ್ಷ
ಕಣ್ಣಿಗೆ ಕಾಣದ ಬಿರುಕೆಲ್ಲಾ ಕಿವಿಗೆ ಸಿಕ್ಕಾವ.

ಅಂಥಾ ಕಿವಿ ಹೊತಗೊಂಡು
ರವಿವಾರ ಹನ್ನೊಂದಕ್ಕ
ಶಹಾಪುರದಾಗ ಕಾಕತಕರನ ಹಳೇ ಸಾಮಾನಿನ ಅಂಗಡಿಗೆ ಹೋದೆ.
ಒಳಕಿಸೆದಾಗ ಓವರ್‌ಟೈಮಿನ ನಾಕು ಸಾವಿರ,
ಅದರಾಗ ಎಂಟುನೂರು ಗ್ಯಾಸಿಂದು, ಮುಟ್ಟೂ ಹಂಗಿಲ್ಲ.
ಕಾಕತಕರ ಮರಾಠಿಯೊಳಗ ಕೂಡ ಅಂತಾನ,
ಕನ್ನಡದಾಗ ರೇಟು ಹೇಳ್ತಾನ.

ಮೊದಲ ಜೋಡಿ ನನ್ನ ಎದಿಮಟ.
ಒಂದೊಂದಕ್ಕ ಮೂರು ಬಾಯಿ,
ಮದುವಿ ಮನಿ ಬೀಗರಂಗ
ಮೂರೂ ಒಮ್ಮೆಲೇ ಮಾತಾಡ್ತಾವ.
ಜಾಳಗಿ ತಗದೆ. ದಂಡಿಗುಂಟ ಫೋಮು
ಹಳೇ ಖಾರಿ ಬಿಸ್ಕೀಟಿನಂಗ ಬೆರಳಿಗೆ ಪುಡಿಪುಡಿ.
"ಹೊಸಾದು ಅಂಟಿಸಿದ್ರಾತಲ್ರೀ."
ಅಂಟಿಸೂ ರೊಕ್ಕ ಯಾರಪ್ಪಂದು?
ಎರಡನೇದು ನೀಲಿ ಲೈಟಿಂದು,
ಹಾಡಿಲ್ಲದಾಗೂ ಕಣ್ಣ ಹೊಡಿತೈತಿ.
ಅದರ ಕಡೆ ತಿರುಗಿ ನೋಡಲಿಲ್ಲ.

ಮೂರನೇದು ಅಂವ ತೋರಸಲೇ ಇಲ್ಲ.
ಅವನ ಚಹಾದ ಕಪ್ಪಿನ ಬುಡಕಿತ್ತು:
ಸಾಗವಾನಿ ಡಬ್ಬಿ, ಒಂದ ಬಾಯಿ,
ಅಂಗೈಯಷ್ಟು ಕಾಗದದ ಕೋನು,
ನಟ್ಟನಡುವ ಕುಂಕುಮಭರಣಿ ಮುಚ್ಚಳದಷ್ಟು ಇನ್ನೊಂದು.
ಕ್ಯಾಂಪಿನ ಯಾವುದೋ ಪ್ರಾರ್ಥನಾ ಕೋಣೆಯಿಂದ ಬಂದಾವಂತ.
"ಅವಾ? ಅವಕ್ಕ ಬೇಸ್ ಇಲ್ರೀ,
ಎಲ್ಲಾ ಒಂದ ಕೋನು ಮಾಡಬೇಕು."
ಎಲ್ಲಾ ಒಬ್ಬಾಕೇ ಮಾಡೂ ಮನಿಯೊಳಗ ಬೆಳದಾಂವ ನಾ,
ಸುಮ್ಮನ ನಕ್ಕೆ.

ಎರಡೂ ಹೆಬ್ಬೆಟ್ಟು ಮಗ್ಗಲಿಗಿಟ್ಟು
ಕೋನು ಸಾವಕಾಶ ಒಳಗೊತ್ತಿದೆ,
ಕೂಸಿನ ನೆತ್ತಿ ಮುಟ್ಟಿದಂಗ.
ಒಳಗ ಕರಕರ ಇಲ್ಲ.
ಪೆನ್ಸಿಲ್ ಸೆಲ್ಲಿನ ತುದಿ ವೈರಿಗೆ ಮುಟ್ಟಿಸಿದೆ,
ಎರಡೂ ಒಂದ ದಿಕ್ಕಿಗೆ ಉಸರ ತಗೊಂಡ್ವು.
ಬೆನ್ನಿಗೆ ಗೆಣ್ಣಿಲೆ ಬಡದೆ. ಗಟ್ಟಿ ಕಟಗಿ.

ಆಮ್ಯಾಲೆ ಫೋನ್ ತಗದೆ.
ಹಾಡಲ್ಲ.
ಶನಿವಾರದ ಪಾಳಿಯೊಳಗ ನಾನ ತುಂಬಿಕೊಂಡದ್ದು:
ಚಲೋ ಎರಕ ಒಂದು, ಒಡದದ್ದೊಂದು.
ಎದಿಮಟದ ಜೋಡಿಯೊಳಗ ಎರಡೂ ಢಮ್.
ಒಡದದ್ದಕ್ಕೂ ಶಾಲು ಹೊಚ್ಚಿ ಸನ್ಮಾನ ಮಾಡಿದ್ವು.
ಕಪ್ಪಿನ ಬುಡಕಿನ ಡಬ್ಬಿ ಅಂತು: ಠಣ್.
ಆಮ್ಯಾಲೆ ಠಪ್,
ಠಪ್ಪಿನ ಬೆನ್ನಿಗೆ
ಬಿರುಕಿನ ಎರಡು ದಂಡಿ ಒಂದಕ್ಕೊಂದು ತಿಕ್ಕಿದ ಝರ್.
ಕಪ್ಪು ಕೈಯಾಗ ಹಿಡಕೊಂಡು ಕಾಕತಕರ ಕೇಳಿದ,
"ಇದ್ಯಾವ ಹಾಡ್ರೀ?"
"ನಮ್ಮ ಹೊಟ್ಟೀದು."
ಮೂರು ಸಾವಿರಕ್ಕ ಮುಗೀತು,
ಚಹಾದ ಕಲಿ ಸಮೇತ.
ವೈರಿಗೆ ಬ್ಯಾರೆ ನೂರು ತಗೊಂಡ, ಬಿಡಲಿಲ್ಲ.

ಅನಗೋಳದ ಎರಡು ಖೋಲಿ ಮನಿ.
ಒಂದು ಡಬ್ಬಿ ಕಪಾಟಿನ ಮ್ಯಾಲೆ, ಒಂದು ಹಿಟ್ಟಿನ ಡಬರಿ ಮ್ಯಾಲೆ.
ನಮ್ಮ ಓಣಿ ಭಜನಿ ಮೇಳದ ಹಳೇ ಕ್ಯಾಸೆಟ್ಟಿಂದು ಹಚ್ಚಿದೆ.
ಪೆಟಗಿಯ ತಿದಿ ಉಬ್ಬಿ ಇಳಿಯೂದು ಕೇಳಿತು,
ಯಾರೋ ಕೆಮ್ಮು ನುಂಗಿದ್ದು,
ಬಾಗಲಾಚೆ ಸೈಕಲ್ಲೊಂದು ಹಾದಿದ್ದು.
ಬೇಸ್ ಇಲ್ಲ, ಖರೆ.
ತಬಲಾದ ಎಡಗೈ ದೂರದ ಸಂಬಂಧಿಕನಂಗ
ಹೊಚ್ಚಲದಾಗ ನಿಂತು ಹೋತು.

ಪ್ರಾಜಕ್ತಾ ಹೋಂವರ್ಕಿನಿಂದ ತಲಿ ಎತ್ತಿದಳು:
"ಅಪ್ಪಾ, ತಾಳದ ಹಿಂದ ಜೀರುಂಡಿ ಐತಿ."
"ಎಲ್ಲಿ?"
"ಅಲ್ಲೇ. ಈಗೂ ಐತಿ."
ಕೋನಿಗೆ ಕಿವಿ ಹಚ್ಚಿದೆ.
ವೈರು ಎಡದ್ದು ಬಲಕ್ಕ ಹಾಕಿದೆ.
ಡಬ್ಬಿ ಬಡದೆ, ಮತ್ತ ಬಡದೆ,
ತಪ್ಪು ಅದರದ ಇರಲಿ ಅಂತ.
"ಈಗ?"
"ಹೂಂ. ಜೋರೈತಿ."

ಇಪ್ಪತ್ತೆರಡು ವರ್ಷ ನಾ ಬಡದ ಕಬ್ಬಿಣ
ಸುಮ್ಮನ ಕುಂತಿರಲಿಲ್ಲ.
ಮ್ಯಾಲಿಂದ ಒಂದೊಂದ ಸ್ವರಾ ತಿನಕೋತ ಬಂದಿತ್ತು,
ಜ್ವಾಳದ ತೆನಿಗೆ ಹಕ್ಕಿ ಕುಂತಂಗ.

ಡಬ್ಬಿ ಎರಡು ಬೆರಳು ಆಕಿ ಚಾಪಿ ಕಡೆ ತಿರುವಿದೆ.
"ಅದು ಕೂಗಿದಾಗ ಕೈ ಎತ್ತು, ನಿಂತಾಗ ಇಳಸು."
ಕ್ಯಾಸೆಟ್ಟಿಂದು ಮೊದಲಿಂದ ಹಚ್ಚಿದೆ.
ಎತ್ತಿದಳು.
ಹಾಡೂ ಮಂದಿ ಹಾಡ್ತಿದ್ರು,
ನಾ ಆಕಿ ಕೈ ನೋಡಕೋತ ಕುಂತೆ.