ಲಗ್ನಪತ್ರಿಕೆಯ ದಪ್ಪ

ಸರಕಾರಿ ಪೆಟ್ಟಿಗೆಯಲ್ಲಿ ಬಂದ ಕಾಂತ ಮುಳ್ಳನ್ನೂ ಎತ್ತುತ್ತಿರಲಿಲ್ಲ.
ಉಮದಿಯ ರೇಡಿಯೋ ಅಂಗಡಿಯ ಲಾಡಸಾಬ
ಸತ್ತ ಸ್ಪೀಕರಿನ ಬೆನ್ನು ಬಿಚ್ಚಿ
ನಡುವೆ ತೂತಿದ್ದ ಕರಿ ಬಿಲ್ಲೆಯೊಂದನ್ನು ಕೊಟ್ಟ:
"ಜ್ವಾಕಿ ಬಾಯಾರ, ಗಡಿಯಾರದ ಹತ್ರ ಒಯ್ಯಬ್ಯಾಡ್ರಿ."

ಸಂಖದ ಕನ್ನಡ ಶಾಳೆ. ಏಳನೇ ಇಯತ್ತೆಗೆ ಹನ್ನೊಂದು ಮಕ್ಕಳು.
ಇದ್ದೊಂದು ಸ್ಕೇಲಿನ ಮಿಲಿಮೀಟರು ಅಳಿಸಿಹೋಗಿವೆ.
ದೂರ ಅಳೆಯಲಿಕ್ಕೆ ಮನೆಮನೆಯಿಂದ
ಹಳೆಯ ಲಗ್ನಪತ್ರಿಕೆ ತಂದರು:
ಒಂದು ಮಗ್ಗುಲು ಮರಾಠಿ, ಒಂದು ಮಗ್ಗುಲು ಕನ್ನಡ,
ಮುಹೂರ್ತ ಮೀರಿದ ಗಟ್ಟಿ ಕಾಗದ.

ಬಿಲ್ಲೆಗೆ ಪತ್ರಿಕೆ ಅಂಟಿಸಿ
ಟಾಚಣಿಗಳ ಮೇಲಿಟ್ಟು ಮೆಲ್ಲಗೆ ಎತ್ತಬೇಕು.
ಜೋತುಬಿದ್ದವನ್ನು ಎಣಿಸಬೇಕು.
ಸೀನಿದರೆ ಮತ್ತೆ ಮೊದಲಿನಿಂದ.

ತಸ್ಲೀಮಾ ಬರೆದಳು: ಒಂಬತ್ತು, ನಾಲ್ಕು, ಎರಡು,
ಮತ್ತೂ ಎರಡು, ಆಮೇಲೆ ಸೊನ್ನೆ.
"ಎರಡ ಪಟ್ಟು ದೂರ ಆದ್ರ ಅರ್ಧರೆ ಉಳೀಬೇಕಿತ್ತಲ್ರೀ?"
ಎತ್ತಿ ನೋಡಿದಳು ಇನ್ನೊಮ್ಮೆ. ನಾಲ್ಕೇ.

ಮಾಳಿಂಗನ ಲೆಕ್ಕ ಚೆಂದ:
ಒಂಬತ್ತು, ಏಳು, ಐದು, ಮೂರು, ಒಂದು.
ಬಾವಿಯ ಪಾವಟಿಗೆ ಇಳಿದ ಹಾಗೆ.
ರಬ್ಬರು ಉಜ್ಜಿ ಉಜ್ಜಿ ಹಾಳೆ ಸವೆದಿತ್ತು,
ಬೆಳಕಿಗೆ ಹಿಡಿದರೆ ಅಡಿಯಲ್ಲಿ ಬೇರೆ ಅಂಕಿ.
"ಯಾಕೋ?" ಎಂದೆ.
"ಒಮ್ಮಿಗೇ ಅಷ್ಟು ಕಡಿಮಿ ಆಗಬಾರದ್ರೀ, ಬಾಯಾರ."

ದಸರೆಯಿಂದ ಅವನ ಅವ್ವ ಅಪ್ಪ
ಕಬ್ಬಿನ ಟೋಳಿಯಲ್ಲಿ, ಕರಾಡದ ಕಡೆ.
ಮೊದಮೊದಲು ದಿನಾ ಸಂಜೆ
ನನ್ನ ಫೋನು ರಿಂಗಾಗುತ್ತಿತ್ತು.

ಕೆಂಪು ಪೆನ್ನಿನ ಟೊಪ್ಪಿಗೆ ತೆಗೆದೆ. ಮತ್ತೆ ಹಾಕಿದೆ.

ಆಗಲೇ ತಸ್ಲೀಮಾ ಕೂಗಿದ್ದು.
ರಿಬ್ಬನ್ನಿನಿಂದ ಎಳೆ ಕಿತ್ತು
ಒಂದು ಟಾಚಣಿಯನ್ನು ನಡುವಿಗೆ ಕಟ್ಟಿ ತೂಗಬಿಟ್ಟಿದ್ದಾಳೆ,
ಏಳು ಪತ್ರಿಕೆಯ ಆಚೆ.
ಗಾಳಿ ಬರದಂತೆ ಕಿಟಕಿ ಹಾಕಿದೆವು.
ಹನ್ನೊಂದು ತಲೆ, ನನ್ನದೊಂದು.

ಅದು ಏರಲಿಲ್ಲ, ಅಂಟಲಿಲ್ಲ.
ಹೊರಳಿತು.
ಬಿಲ್ಲೆಯನ್ನು ಆ ಕಡೆ ಸರಿಸಿದರೆ ಆ ಕಡೆ,
ನಿದ್ದೆಯಲ್ಲಿ ಕರೆದಾಗ ಮಗ್ಗುಲಾಗುವ ಕೂಸಿನಂತೆ,
ತಡವಾಗಿ.

"ಇದಕ್ಕ ಏನ್ ಬರೀಲ್ರೀ? ಸೊನ್ನಿ ಅಂತೂ ಅಲ್ಲ."

ನನಗೂ ತಿಳಿಯಲಿಲ್ಲ.
ಮಾಳಿಂಗ ಪೆನ್ಸಿಲು ಇಸಿದುಕೊಂಡು
ಅವಳ ವಹಿಯಲ್ಲಿ, ಏಳರ ಮುಂದೆ,
ಒಂದು ಸಣ್ಣ ಓರೆ ಗೆರೆ ಎಳೆದ.