ನೂರಾ ಹನ್ನೊಂದು

ಇಂದೂರಿನ ದೊಡ್ಡ ಉಂಗುರದಲ್ಲಿ ಎಲೆಕ್ಟ್ರಾನು ಸುತ್ತಿ ಸುತ್ತಿ
ಚೆಲ್ಲಿದ ಬೆಳಕು. ಕಣ್ಣಿಗೆ ಕಾಣದ್ದು, ಮಸೂರಕ್ಕೆ ಬಗ್ಗದ್ದು.
ಅದು ಬಿದ್ದ ಅಕ್ರಿಲಿಕ್ ಬಿಲ್ಲೆಯನ್ನು ರಾತ್ರಿ ಬಸ್ಸಿನಲ್ಲಿ
ತೊಡೆಯ ಮೇಲಿಟ್ಟುಕೊಂಡೇ ತಂದ ಶಿತೋಳೆ.
ಉಚ್ಚೆಗೂ ಇಳಿಯಲಿಲ್ಲವಂತೆ.
ಭೋಸರಿಯಲ್ಲಿ ಕಾಲು ಊರಿದಾಗ ಜೋಮು ಹಿಡಿದು ಕುಂಟುತ್ತಿದ್ದ.

ಮುಂದಿನದು ನನ್ನ ಪಾಳಿ.
ಬೆಳಕು ತಾಗಿದಲ್ಲೆಲ್ಲ ಒಳಗೇ ಮುರಿದಿರುತ್ತದೆ, ಮೇಲೆ ಗೊತ್ತಾಗದು;
ದ್ರಾವಣಕ್ಕಿಳಿಸಿದರೆ ಮೆಲ್ಲಗೆ ಬಿಟ್ಟುಕೊಡುತ್ತದೆ.
ಚಿನ್ನದ ನೆರಳು ಕಾದಲ್ಲಿ ಮಾತ್ರ ಗೋಡೆ,
ತೂಗುಗುಂಡು ಬಿಟ್ಟು ಕಟ್ಟಿದಷ್ಟು ನೆಟ್ಟಗೆ.
ನಡುವಿನ ಬಾವಿಗಳಿಗೆ ನಿಕ್ಕಲ್ ತುಂಬಬೇಕು,
ಮೂರು ದಿನ, ಅವಸರಿಸದೆ.
ಆಮೇಲೆ ಗೋಡೆಯನ್ನೂ ಕರಗಿಸಿದರೆ
ಹಲ್ಲುಚಕ್ರ. ಹನ್ನೆರಡು ಹಲ್ಲು. ಅರ್ಧ ಗಸಗಸೆ.

ಎಣಿಸಿದೆ. ನೂರಾ ಹನ್ನೊಂದು.
ಇರಬೇಕಾದ್ದು ಇನ್ನೊಂದು.

ಯಾರೂ ಅಲ್ಲಾಡಬೇಡಿ ಅಂದರು ಟಿಳೇಕರ್ ಬಾಯಿ.
ಬಿಳಿ ಟೊಪ್ಪಿಗೆಯ ನಾವು ಐದು ಜನ ಮೊಣಕಾಲ ಮೇಲೆ.
ಅಯಸ್ಕಾಂತ ಸವರಿದರು, ನೆಲಕ್ಕೆ ಟೇಪು ಒತ್ತಿ ಒತ್ತಿ ಎತ್ತಿದರು.
ಸಿಕ್ಕಿದ್ದು ಒಂದು ರೆಪ್ಪೆಗೂದಲು, ನನ್ನದೇ.
ಅದಕ್ಕೂ ಒಂದು ಫಾರ್ಮು ತುಂಬಿಸಿಕೊಂಡರು.
ಧೂಳೇ ಇಲ್ಲದ ಕೋಣೆ.
ಇಲ್ಲಿ ಕಳೆದದ್ದು ಅವಿತುಕೊಳ್ಳುವುದಾದರೂ ಎಲ್ಲಿ?

ನಮ್ಮಜ್ಜಿ ಮೂವತ್ತು ವರ್ಷ ರವಿವಾರ ಪೇಠೆಯಲ್ಲಿ
ಅಕ್ಕಸಾಲಿಗರ ಗಲ್ಲಿ ಗುಡಿಸಿದವಳು.
ಕೋಳಿ ಕೂಗುವ ಮೊದಲೇ ಗಟಾರದ ಕೆಸರು ಹೊತ್ತು ತಂದು
ಬಾಣಲೆಯಲ್ಲಿ ತಿರುವಿ, ಚೆಲ್ಲಿ, ತಿರುವಿ, ಚೆಲ್ಲಿ,
ವಾರದ ಕೊನೆಗೆ ಸಾಸಿವೆಯಷ್ಟು ಹಳದಿ.
ನನ್ನ ಶಾಲೆಯ ಫೀಸು ಆ ಸಾಸಿವೆ.
ಕಸ ಅನಬ್ಯಾಡ ಅನ್ನುತ್ತಿದ್ದಳು,
ಅದು ಇನ್ನೂ ಜಾಲಿಸಿಲ್ಲ ಅಷ್ಟೆ.

ರಾತ್ರಿ ಕೇಳಿದಳು, ಎಷ್ಟ ದೊಡ್ಡದಿತ್ತು?
ಡಬ್ಬಿಯಿಂದ ಒಂದು ಗಸಗಸೆ ತೆಗೆದು ಅವಳ ಅಂಗೈಯಲ್ಲಿಟ್ಟು
ಇದರರ್ಧ ಅಂದೆ.
ಕಣ್ಣಿಗೆ ಪೊರೆ; ಹೆಬ್ಬೆರಳಲ್ಲೇ ನೋಡಿದಳು.
ಬಂಗಾರದ್ದೇನು?
ಅಲ್ಲ, ನಿಕ್ಕಲ್.
ಥೂ, ಹೋಗ್ಲಿ ಬಿಡು. ಉಣ್ಣು.

ನಂಬಿದೆ, ಉಂಡೆ, ಮಲಗಿದೆ.

ಎರಡಕ್ಕೋ ಮೂರಕ್ಕೋ ಎಚ್ಚರವಾದಾಗ
ಬಚ್ಚಲಲ್ಲಿ ನೀರಿನ ಸದ್ದು.
ನನ್ನ ಚೀಲವನ್ನು ಒಳಹೊರಗು ಮಾಡಿ ಒದರಿ,
ಚಪ್ಪಲಿಯ ಅಡಿ ಕೆರೆದು, ದುಪಟ್ಟಾದ ಅಂಚು ಹಿಂಡಿ,
ದೀಪ ಹಾಕದೆ, ಕುಕ್ಕರುಗಾಲಲ್ಲಿ,
ಹಳೇ ಬಾಣಲೆ ತಿರುವುತ್ತಿದ್ದಳು
ನಿಕ್ಕಲ್‌ಗಾಗಿ.