ಮೂವತ್ತೊಂದನೇ ವಾರ

ಕಾರು ಮಾರಿದವರು ಮಾತಿಗೊಮ್ಮೆ ಹೇಳಿದ್ದರು:
‘ಹನ್ನೊಂದೇ ಸಾವಿರ ಕಿಲೋಮೀಟರ್ ಓಡಿರೋದು.
ಆಯುಧಪೂಜೆಗೆ ತೊಳೀತಿದ್ವಿ,
ನಿಂಬೆಹಣ್ಣಿನ ಮೇಲೆ ಹತ್ತಿಸಿ ಮತ್ತೆ ಅಲ್ಲೇ ನಿಲ್ಲಿಸ್ತಿದ್ವಿ.’
ನಂಬಿದೆ. ಅದೇನೂ ಸುಳ್ಳಾಗಿರಲಿಲ್ಲ.

ಲಕ್ಕಸಂದ್ರದ ತಿರುವಿನಲ್ಲಿ ಸಗಾಯಮೇರಿಯ ಟೈರ್ ಅಂಗಡಿ.
ಗುಡುಗುಡು ಕಂಪ್ರೆಸರ್,
ಗ್ರೀಸ್ ಮೆತ್ತಿದ ಕ್ಯಾಲೆಂಡರಿನಲ್ಲಿ ವೇಲಾಂಗಣ್ಣಿ ಮಾತೆ.
ಬರೀ ಗಾಳಿ ಹಿಡಿಸಲು ಹೋಗಿದ್ದೆ,
ಚಿಲ್ಲರೆ ಕಾಸಿನ ಕೆಲಸ.

ಕುಕ್ಕರಗಾಲಲ್ಲಿ ಕೂತವಳು ಏಳಲೇ ಇಲ್ಲ.
ಗೇಜು ಕೆಳಗಿಟ್ಟು
ಚಕ್ರದ ಪಕ್ಕೆಗೆ ಹೆಬ್ಬೆರಳು ಒತ್ತಿದಳು.
‘ಇಲ್ಲಿ ನೋಡಿ ಮೇಡಂ.’
ನೋಡಿದೆ. ಕಪ್ಪು ಕಪ್ಪಾಗಿಯೇ ಇತ್ತು.
ಟಾರ್ಚು ಓರೆಯಾಗಿ ಹಿಡಿದಳು. ಆಗ ಕಂಡವು,
ಹಿಮ್ಮಡಿ ಒಡೆದ ಹಾಗೆ,
ಕೂದಲೆಳೆಯಷ್ಟು ಸಣ್ಣ ಬಿರುಕುಗಳು
ಪಕ್ಕೆಯ ಸುತ್ತಲೂ,
ಕಂಪನಿಯ ಹೆಸರಿನ ಅಕ್ಷರಗಳ ಸಂದಿಯಲ್ಲೂ.
ಇನ್ನೊಂದಿಷ್ಟು ಒತ್ತಿದಾಗ
ಬಾಯಿ ತೆರೆದವು.

ವಾದ ಮಾಡಿದೆ. ‘ಬಟನ್ ಚೆನ್ನಾಗಿದೆಯಲ್ಲ!’
ಗಾಡಿಯಲ್ಲಿ ನಾಣ್ಯ ಹುಡುಕಿ ತಂದು
ಸಂದಿಯಲ್ಲಿ ಇಳಿಸಿ ತೋರಿಸಿದೆ.
ಸಿಂಹಗಳು ಕುತ್ತಿಗೆಯವರೆಗೆ ಮುಳುಗಿದವು.
‘ಬಟನ್ ಹೊಸದೇ. ಓಡಿದ್ರೆ ತಾನೆ ಸವೆಯೋದು?
ಓಡೋ ಟೈರಿನ ಮೈಯೊಳಗಿನ ಜಿಡ್ಡು
ಹೊರಗೆ ಬರ್ತಾ ಇರುತ್ತೆ, ಮೆತ್ತಗಿಟ್ಟಿರುತ್ತೆ.
ಇದು ವರ್ಷಗಟ್ಟಲೆ ಬಿಸಿಲಲ್ಲಿ
ಒಂದೇ ಮಗ್ಗುಲಲ್ಲಿ ನಿಂತಿದ್ದು.’

ಒದ್ದೆ ಬಟ್ಟೆಯಿಂದ ಒರೆಸಿ
ಮೊಟ್ಟೆಯಾಕಾರದ ಒಂದು ಮುದ್ರೆ ತೋರಿಸಿದಳು.
ಒಳಗೆ ನಾಲ್ಕು ಅಂಕಿ: ಮೂರು, ಒಂದು, ಒಂದು, ಆರು.
‘ಹದಿನಾರನೇ ಇಸವಿ, ಮೂವತ್ತೊಂದನೇ ವಾರ.
ಇದು ಹುಟ್ಟಿದ್ದು.’

ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ
ಮಾತ್ರೆಯ ಪಟ್ಟಿಗಳ ಬೆನ್ನು ಮಗುಚಿ
ದಿನವಿಡೀ ತಾರೀಖು ಓದುವವಳು ನಾನು.
ತಿಂಗಳು ಮೀರಿದ ಒಂದು ಕೆಮ್ಮಿನ ಸಿರಪ್ಪಿಗಾಗಿ
ಸಪ್ಲೈಯರ್ ಜೊತೆ ಜಗಳಕ್ಕೆ ನಿಂತವಳು.
ಹೋದ ಭಾನುವಾರ ತುಮಕೂರು ರಸ್ತೆಯಲ್ಲಿ ನೂರರ ವೇಗ,
ಹಿಂದಿನ ಸೀಟಿನಲ್ಲಿ ಅಕ್ಕನ ಮಕ್ಕಳ ಅಂತ್ಯಾಕ್ಷರಿ,
ಕೆಳಗೆ ಈ ತಾರೀಖು.

ಆಗಸ್ಟಿನ ಮೊದಲ ವಾರ.
ಆಗ ನಾನೆಲ್ಲಿದ್ದೆ?
ಎಷ್ಟು ಕೆದಕಿದರೂ ನೆನಪಾಗಲಿಲ್ಲ.
ಬಹುಶಃ ಬಸ್ಸಿಗೆ ಕಾಯುತ್ತಿದ್ದೆ.

‘ಪಾಲಿಶ್ ಹೊಡೆದ್ರೆ?’
‘ಹೊಡೆದೇ ಕೊಟ್ಟಿದ್ದಾರೆ, ನಿಮ್ಮ ಬೆರಳು ನೋಡ್ಕೊಳ್ಳಿ.
ಹಿಮ್ಮಡಿಗೆ ಮುಲಾಮು ಹಚ್ಚಿದ್ರೆ ಚರ್ಮ ಕೂಡುತ್ತೆ.
ರಬ್ಬರ್ ಕೂಡಲ್ಲ.’

ಸ್ಟೆಪ್ನಿಯಾದರೂ ಉಳಿದಿರಬೇಕೆಂದು ಡಿಕ್ಕಿ ತೆಗೆದೆ.
ರಸ್ತೆಯನ್ನೇ ಮುಟ್ಟದ ಟೈರು.
ಅಚ್ಚಿನಿಂದ ಬಂದ ರಬ್ಬರ್ ಮೀಸೆ
ಇನ್ನೂ ಉದುರಿರಲಿಲ್ಲ.
ಅದೇ ನಾಲ್ಕು ಅಂಕಿ.
ಬಿಸಿಲೇ ಕಾಣದೆ, ಜಾಕಿನ ಪಕ್ಕ ಮಲಗಿ,
ಅದಕ್ಕೂ ಅಷ್ಟೇ ವಯಸ್ಸಾಗಿತ್ತು.
ಸಗಾಯಮೇರಿ ಅದರ ಮೇಲೆ ಅಂಗೈಯಿಟ್ಟು
ಸ್ವಲ್ಪ ಹೊತ್ತು ಸುಮ್ಮನಿದ್ದಳು.
‘ಪಾಪ’ ಅಂದಳು, ಅದಕ್ಕೋ ನನಗೋ.

ಐದು ಟೈರು, ಹತ್ತೊಂಬತ್ತು ಸಾವಿರದ ಆರುನೂರು.
ಆರುನೂರು ಬಿಟ್ಟಳು.
ಹೊಸದರ ಪಕ್ಕೆಗಳನ್ನು
ಮಾತ್ರೆ ಪಟ್ಟಿ ಓದಿದ ಹಾಗೆ ಐದೂ ಓದಿ
ತಲೆಯಾಡಿಸಿದೆ.

ಗುಜರಿಯವನು ಆಗಲೇ ಬಂದು ನಿಂತಿದ್ದ.
‘ಒಂದಕ್ಕೆ ಮುನ್ನೂರು ಅಕ್ಕ, ಬಟನ್ ಇದೆಯಲ್ಲ.’
‘ತಾಳು’ ಎಂದಳು.
ಸೋಪು ನೀರಿಗೆ ಚಾಕು ಅದ್ದಿ
ಒಂದೊಂದರ ಪಕ್ಕೆಯನ್ನೂ ಗೇಣುದ್ದ ಸೀಳಿದಳು.
ಸ್ಟೆಪ್ನಿಗೆ ಎರಡು ಸಲ ಚಾಕು ಹಾಕಬೇಕಾಯಿತು.
‘ಈಗ ತಗೋ. ಕೆಜಿ ಲೆಕ್ಕ.’
ಅವನು ಬೈದುಕೊಂಡೇ ತೂಗಿದ.
ಗಾಳಿಯ ದುಡ್ಡು ಅವಳೂ ಕೇಳಲಿಲ್ಲ,
ನಾನೂ ಮರೆತೆ.

ರಾತ್ರಿ ಮನೆಯ ಮುಂದೆ ನಿಲ್ಲಿಸಿ, ಬೀಗ ಹಾಕಿ,
ಮೆಟ್ಟಿಲು ಹತ್ತಿದವಳು ಮತ್ತೆ ಇಳಿದು ಬಂದೆ.
ಸ್ಟಾರ್ಟ್ ಮಾಡಿ
ಅರ್ಧ ಗಜ ಮುಂದಕ್ಕೆ ತಂದೆ.
ಎದುರು ಮನೆಯ ಕಿಟಕಿಯಲ್ಲಿ ಯಾರೋ ಪರದೆ ಸರಿಸಿ ನೋಡಿದರು.